ಗೋಡೆಯ ಕಡೆ ಮುಖ

ಅನ್ನಪೂರ್ಣ, ತೀರಿಕೊಂಡ ಅತ್ತೆಯ ಕೊರಳಲ್ಲಿದ್ದ ಬಟ್ಟೆಯ ಗಂಟನ್ನು ಸಡಿಲಿಸತೊಡಗಿದ್ದಳು. ಬಾಗಿಲಲ್ಲಿ ನಿಂತಿದ್ದ ಕರಿಬಸವ ಒಳಗೆ ಬಂದು ಹೆಂಡತಿಯ ಕೈ ಹಿಡಿದ.

"ಬಿಚ್ಚಬ್ಯಾಡ."

"ತೊಯ್ದೈತ್ರೀ. ಬ್ಯಾರೆ ಬಟ್ಟ್ಯಾಗ ಕಟ್ತೀನಿ."

"ಬ್ಯಾಡ ಅಂದ್ನೆಲ್ಲ. ಹಂಗ ಇರ್ಲಿ."

ಅವನ ಅವ್ವ ರಾಚವ್ವನನ್ನು ಗೋಡೆಗೆ ಆನಿಸಿ ಕೂರಿಸಿ ಸ್ನಾನ ಮಾಡಿಸಿದ್ದರು. ಹಣೆಗೂ ತೋಳಿಗೂ ವಿಭೂತಿ ಬಳಿದಾಗಿತ್ತು. ಗದಗದ ಕಡೆಯಿಂದ ಬಂದು ಮಣಿಪಾಲದ ಹಾಸ್ಟೆಲ್ ಕಟ್ಟಡಗಳಿಗೆ ಜಲ್ಲಿ ಹೊತ್ತವಳು ಅವಳು. ವಯಸ್ಸಾದ ಮೇಲೆ ಅವೇ ಕಟ್ಟಡಗಳ ಮೆಟ್ಟಿಲು ಒರೆಸಿದಳು.

ಹೊರಗೆ ಮನೆಯ ಮಾಲೀಕ ಉಮಾನಾಥ ನೀಲಯ್ಯನನ್ನು ಕೇಳುತ್ತಿದ್ದ. ನೀಲಯ್ಯ ಹಾಸ್ಟೆಲೊಂದರ ಗೇಟು ಕಾಯುವವನು. ಆದಿ ಉಡುಪಿಯಲ್ಲಿರುವ ತನ್ನ ಕಡೆಯ ಜನರಿಗೆ ಹುಟ್ಟಿಗೂ ಸಾವಿಗೂ ಅವನೇ ಅಯ್ಯ.

"ಕೂರಿಸಿಯೇ ಹೂಳುವುದಾ?"

"ಹೌದ್ರಿ. ಕೊಳ್ಳಾಗಿನ ಲಿಂಗಾ ಬಿಚ್ಚಿ ಎಡಗೈಯಾಗ ಇಟ್ಟು ಕುಂದರ್ಸೂದು. ಲಿಂಗಾ ಇಲ್ದ ಕಳಸಂಗಿಲ್ರಿ."

ಉಮಾನಾಥನ ಹೆಂಡತಿ ಸುಗಂಧಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಂತ ಹೆಂಗಸು ಮಾರಾಯ್ರೆ! ಬೆಳಿಗ್ಗೆ ಚಾ ಕೊಟ್ಟರೆ, ಪೂಜೆ ಆಗದೆ ಮುಟ್ಟಲಿಕ್ಕೆ ಇಲ್ಲ. ಆಮೇಲೆ ತಣ್ಣಗಾದ ಚಾ ಕುಡಿದು ಚಲೋ ಆಗೇತಿ ಅಂತ ಹೇಳುವುದು. ಸುಳ್ಳು ಹೇಳಿದ್ದು ಅದೊಂದೇ ಇರಬೇಕು."

ಕರಿಬಸವ ತಲೆ ತಗ್ಗಿಸಿದ.

*

ಅವನಿಗೆ ಆಗ ಹನ್ನೆರಡು ವರ್ಷ. ಅಂಗಿಯೊಳಗೆ ತೂಗುತ್ತಿದ್ದ ಗಂಟನ್ನು ನೋಡಿ ಶಾಲೆಯ ಹುಡುಗರು, "ಅದೆಂತ ಮಾರಾಯ, ತಿಂಡಿಯಾ?" ಎಂದು ನಗುತ್ತಿದ್ದರು. ಕಾಪುವಿಗೆ ಪ್ರವಾಸ ಹೋದ ದಿನ ಅವನು ದೀಪಸ್ತಂಭದ ಕೆಳಗಿನ ಬಂಡೆಯ ಮೇಲೆ ನಿಂತು, ಲಿಂಗವನ್ನು ಗಂಟಿನ ಸಮೇತ ಸಮುದ್ರಕ್ಕೆ ಎಸೆದ.

ಮನೆಯಲ್ಲಿ, "ಎಲ್ಲೋ ಬಿತ್ತು" ಎಂದ.

ರಾಚವ್ವ ಬೈಯಲಿಲ್ಲ. ಲಿಂಗವಿಲ್ಲದೆ ಮಗ ಉಣ್ಣುವಂತಿರಲಿಲ್ಲ, ಅವಳೂ ಉಣ್ಣಲಿಲ್ಲ. ಬೆಳಿಗ್ಗೆ ಅವನನ್ನು ಎಬ್ಬಿಸಿ, "ಸಿಕ್ತು ನೋಡು. ನೀರಿನ ತೊಟ್ಟಿ ಹಂತ್ಯಾಕ ಬಿದ್ದಿತ್ತು" ಎಂದು ಅಂಗೈಯಲ್ಲಿ ಲಿಂಗವಿಟ್ಟಳು.

ಅದರ ಕಪ್ಪು ಹೊದಿಕೆಯ ಅಂಚಿನಲ್ಲಿ ಒಂದು ಸೀಳಿತ್ತು. ಅದು ಅವ್ವನ ಲಿಂಗ. ಕಾಪುವಿನ ಸಮುದ್ರ ಏನನ್ನೂ ತೊಟ್ಟಿಯ ಬಳಿ ತಂದಿಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಅದುವರೆಗೆ ಮಗನ ಎದುರು ಕುಳಿತು ಪೂಜೆ ಮಾಡಿಕೊಳ್ಳುತ್ತಿದ್ದವಳು ಅಂದಿನಿಂದ ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಕೊರಳಲ್ಲಿ ಗಂಟು ಇದ್ದೇ ಇತ್ತು. ಒಳಗೇನಿದೆಯೆಂದು ನೋಡುವ ಧೈರ್ಯ ಅವನಿಗೆ ಎಂದೂ ಬರಲಿಲ್ಲ.

ಟೈಲ್ಸ್ ಕೆಲಸಕ್ಕೆ ಸೇರಿದ ಮೇಲೆ ಅವನು ಲಿಂಗವನ್ನು ಬಿಚ್ಚಿ ಟ್ರಂಕಿನಲ್ಲಿಟ್ಟ. ಮೂರು ವರ್ಷದ ಹಿಂದೆ ರಾಚವ್ವ ಅದನ್ನು ತೆಗೆದು, ತೊಳೆದು, ಮೊಮ್ಮಗಳು ಅಶ್ವಿನಿಯ ಕೊರಳಿಗೆ ಕಟ್ಟಿದಳು. ಆಗಲೂ ಅವನ ಮುಖ ನೋಡಲಿಲ್ಲ.

*

ಊರಂಚಿನ ಜಾಗದಲ್ಲಿ ಗುಂಡಿ ಸಿದ್ಧವಾಗಿತ್ತು. ರಾಚವ್ವನನ್ನು ಇಳಿಸಿ ಕೂರಿಸಿದರು. ಗುಂಡಿಯೊಳಗಿಂದ ನೀಲಯ್ಯ, "ಗಂಟು ಬಿಚ್ಚೂಣೇನಪಾ?" ಎಂದ.

"ತಡೀರಿ."

ಕರಿಬಸವ ಎಂಟು ವರ್ಷದ ಮಗಳ ಮುಂದೆ ಮಂಡಿಯೂರಿದ. ಅವಳ ಕೊರಳ ದಾರಕ್ಕೆ ಬೆರಳು ಹಾಕಿದ.

"ಇದು ಅಜ್ಜೀದವ್ವ. ಅಜ್ಜಿಗೆ ಕೊಡೂಣು."

ಅಶ್ವಿನಿ ಎರಡೂ ಕೈಯಿಂದ ಗಂಟನ್ನು ಅದುಮಿ ಹಿಡಿದಳು. "ಅಜ್ಜಿ ಹೇಳ್ಯಾಳ, ಯಾರಿಗೂ ಬಿಚ್ಚಿ ಕೊಡಬ್ಯಾಡ ಅಂತ. ನಿಮ್ಮಪ್ಪ ಕೇಳಿದ್ರೂ ಕೊಡಬ್ಯಾಡ ಅಂತ."

ಅವನ ಬೆರಳು ದಾರದಿಂದ ಜಾರಿತು. ಅವನು ಎದ್ದು ಗುಂಡಿಗೆ ಇಳಿದು ನೀಲಯ್ಯನ ಕಿವಿಯಲ್ಲಿ ಹೇಳಿದ: "ಅವ್ವನ ಗಂಟ್ನ್ಯಾಗ ಲಿಂಗಾ ಇಲ್ರಿ ಅಯ್ಯಾರ. ನಾ ನಂದು ಸಮುದ್ರಕ್ಕ ಒಗದಿದ್ದೆ. ಅವ್ವ ತನ್ನ ಲಿಂಗಾ ನನಗ ಕೊಟ್ಟಾಳ. ಅದs ಈಗ ಮಗಳ ಕೊಳ್ಳಾಗೈತಿ."

ನೀಲಯ್ಯ ಮೇಲೆ ನಿಂತವರಿಗೆ ಬೆನ್ನು ಮಾಡಿ ಗಂಟು ಬಿಚ್ಚಿದ. ಒಂದು ಜಲ್ಲಿಕಲ್ಲು. ಅದರ ಮೂಲೆಗಳೆಲ್ಲ ಸವೆದು ದುಂಡಗಾಗಿದ್ದವು. ಸಣ್ಣ ಕುಳಿಗಳಲ್ಲಿ ವಿಭೂತಿ ಗಟ್ಟಿಯಾಗಿ ಕೂತಿತ್ತು.

"ಎಷ್ಟು ವರ್ಷಾತು?"

"ಇಪ್ಪತ್ತು."

ನೀಲಯ್ಯ ಕಲ್ಲನ್ನು ಹೆಬ್ಬೆರಳಿನಿಂದ ಸವರಿದ. ಮೇಲಿಂದ ಉಮಾನಾಥ, "ಎಂತ ಆಯ್ತು? ಲಿಂಗ ಉಂಟಲ್ವಾ?" ಎಂದು ಬಗ್ಗಿದ.

"ಐತ್ರಿ" ಎಂದ ನೀಲಯ್ಯ. ರಾಚವ್ವನ ಎಡಗೈ ಬಿಡಿಸಿ ಕಲ್ಲನ್ನಿಟ್ಟು, ಅದರ ಮೇಲೆ ಬಿಲ್ವದೆಲೆ ಮುಚ್ಚಿದ. "ವಿಭೂತಿ ಕೊಡ್ರಿ."

*

ಸಂಜೆ ಎಲ್ಲರ ಸ್ನಾನವಾದ ಮೇಲೆ ಅಶ್ವಿನಿ ಚಾಪೆ ಹಾಸಿ, ನೀರಿನ ತಂಬಿಗೆ ಇಟ್ಟುಕೊಂಡಳು. ಕರಿಬಸವ ಅವ್ವ ಕೂರುತ್ತಿದ್ದ ಜಾಗದಲ್ಲಿ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದ. ಸಿಮೆಂಟಿಗೆ ಬಿರಿದ ಎಡಗೈ ಮಡಿಲಲ್ಲಿ ತೆರೆದುಕೊಂಡಿತ್ತು.

"ಅಪ್ಪಾ, ನಿಂದೆಲ್ಲಿ?"

ಅವಳು ಚಾಪೆ ಎಳೆದುಕೊಂಡು ಬಂದು, ಅವನಿಗೂ ಗೋಡೆಗೂ ನಡುವೆ ತೂರಿ, ಅವನ ಎದುರು ಕುಳಿತಳು. ತನ್ನ ಎಡಗೈಯನ್ನು ಅವನ ಅಂಗೈಯ ಮೇಲೆ ಊರಿ, ಅಂಚು ಸೀಳಿದ ಲಿಂಗಕ್ಕೆ ನೀರು ಬಿಟ್ಟಳು. ಅವಳ ಬೆರಳ ಸಂದಿಗಳಿಂದ ನೀರು ಇಳಿದು ಅವನ ಬರಿಗೈಯಲ್ಲಿ ನಿಂತಿತು.