ಮುನ್ನೂರ ಹನ್ನೆರಡು ಹಸಿರು ದೀಪ

ಕೋತಿ ತಾನು ಕೆಡುವುದಲ್ಲದೆ ನೆಟ್‌ವರ್ಕನ್ನೆಲ್ಲ ಕೆಡಿಸಿತಂತೆ. ಗಾದೆಯಲ್ಲಿರುವುದು ವನ ಎಂದು ಜಗಳಕ್ಕೆ ಬರಬೇಡಿ. ವನ ಬಂಡೀಪುರದ ಕಡೆ ಸುಖವಾಗಿದೆ, ಕೆಟ್ಟದ್ದು ನೆಟ್‌ವರ್ಕೇ. ಇದು ನಡೆದ ಸಂಗತಿ. ಒಂದಕ್ಷರ ಸುಳ್ಳಾದರೂ ಹೇಳಿದವರ ಮೊಬೈಲಿಗೆ ಸಿಗ್ನಲ್ ಸಿಗದಿರಲಿ.

ಕೋತಿಯ ಹೆಸರು ಶರತ್. ಚಾಮರಾಜನಗರದ ಪುಟ್ಟಬಸಪ್ಪನವರ ಇಂಟರ್ನೆಟ್ ಕಂಪನಿಯಲ್ಲಿ ರೂಟರ್ ನೋಡಿಕೊಳ್ಳುವ ಕೆಲಸ. ಬಿಡುವಾದಾಗ ಯಜಮಾನರ ದನಿ ತೆಗೆದು ಆಫೀಸಿನವರನ್ನು ಎದ್ದು ನಿಲ್ಲಿಸುವುದು ಅವನ ಇನ್ನೊಂದು ಕಸುಬು.

ಗುಂಡ್ಲುಪೇಟೆಯ ಆಫೀಸಿಗೆ ಶಿವಮಲ್ಲು ಒಬ್ಬನೇ. ಹಿಂದೆ ಎರಡೂರಿನ ಕೇಬಲ್‌ನವರು ಬೇರೆ ಬೇರೆ ಇದ್ದರು. ಸೇರಿಕೊಂಡ ಮೇಲೆ ಹೊರಗಿನ ಪ್ರಪಂಚಕ್ಕೆ ನೆಟ್‌ವರ್ಕಿನ ಗುರುತಿನ ನಂಬರು ಒಂದೇ, ಒಳಗೆ ಎರಡು. ಪುಸ್ತಕದಲ್ಲಿ ಇದು ಕಾನ್ಫೆಡರೇಶನ್. ಶಿವಮಲ್ಲುವಿನ ಬಾಯಲ್ಲಿ ಒಂದು ಮನೆ, ಎರಡು ಒಲೆ. ಹೊರಗಿನವರಿಗೆ ಮನೆಮನೆಯ ವಿಳಾಸ ಬೇಡ, ಎಲ್ಲ ಒಟ್ಟುಗೂಡಿಸಿ ಒಂದೇ ಸಾಲಿನಲ್ಲಿ ಹೇಳಿದರೆ ಸಾಕು. ಆದರೆ ಒಲೆ ಒಲೆಗಳ ನಡುವೆ ಯಾವ ಮನೆ ಯಾರ ಕಡೆ ಎಂದು ಬಿಡಿಬಿಡಿಯಾಗಿ ಹೇಳಲೇಬೇಕು. ಇಲ್ಲವಾದರೆ ಗುಂಡ್ಲುಪೇಟೆಗೆ ಹೋಗಬೇಕಾದದ್ದೆಲ್ಲ ಚಾಮರಾಜನಗರದ ರೂಟರಿನ ತನಕ ಬಂದು, ಅದು ‘ಇಂಥ ಮನೆ ನಂಗೊತ್ತಿಲ್ಲ’ ಎಂದು ಹಳ್ಳಕ್ಕೆ ಎಸೆಯುತ್ತದೆ. ಶರತ್‌ಗೆ ಇದನ್ನು ಕಲಿಸಿದವನೇ ಶಿವಮಲ್ಲು.

ಈಚೆಗೆ ದೊಡ್ಡ ಕಂಪನಿಯೊಂದರ ಕೇಬಲ್ಲು ಬೇಗೂರು ದಾಟಿ ಭೀಮನಬೀಡಿಗೂ ಬಂದಿತ್ತು. ಇನ್ನೂರು ಮನೆಯಾದರೂ ಉಳಿದಿದ್ದರೆ ಗುಂಡ್ಲುಪೇಟೆ ಆಫೀಸು ಇರುತ್ತದೆ, ಇಲ್ಲವಾದರೆ ತಿಂಗಳ ಕೊನೆಗೆ ಬೀಗ, ಎಂದಿದ್ದರು ಪುಟ್ಟಬಸಪ್ಪ. ಶಿವಮಲ್ಲುವಿನ ಪರದೆಯಲ್ಲಿ ಮನೆಗೊಂದರಂತೆ ಮುನ್ನೂರ ಹನ್ನೆರಡು ಹಸಿರು ದೀಪ. ದಿನಾ ಬೆಳಿಗ್ಗೆ ಎಣಿಸುತ್ತಿದ್ದ. ನಲವತ್ತೆಂಟರ ವಯಸ್ಸಿನವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ?

ಸೋಮವಾರ ಹತ್ತೂವರೆಗೆ ಶರತ್ ಯಜಮಾನರಿಲ್ಲದ ಹೊತ್ತು ನೋಡಿ ಅವರ ಕೋಣೆಯ ಫೋನ್ ಎತ್ತಿ, ಅವರಂತೆಯೇ ಎರಡು ಸಲ ಕೆಮ್ಮಿದ.

“ಏನ್ಲಾ ಶಿವಮಲ್ಲೂ... ನಿನ್ ಕಡೆ ಪಟ್ಟಿ ಮಾರುದ್ದ ಅದಂತಲ್ಲ? ನಮ್ಗೂ ಒಂದೇ ಸಾಲಲ್ಲಿ ಯೇಳ್ಬುಡು. ಬಿಡಿಬಿಡಿ ಇರದೆಲ್ಲ ತಗ್ದಾಕು.”

‘ಅಂಗ್ ಮಾಡುದ್ರೆ ಎಲ್ಲ ಅಳ್ಳ ಸೇರ್ತದೆ’ ಎಂದು ಶಿವಮಲ್ಲು ಪಾಠ ಶುರುಮಾಡುತ್ತಾನೆ, ಆಗ ನಕ್ಕುಬಿಡೋಣ ಎಂಬುದು ಶರತ್‌ನ ಲೆಕ್ಕ. ಪಾಠ ಬರಲಿಲ್ಲ.

“ಆಯ್ತು ಯಜಮಾನ್ರೇ. ಮಾಡ್ಬುಡ್ತೀನಿ.”

ಶಿವಮಲ್ಲು ಫೋನ್ ಇಟ್ಟ. ಶರತ್ ತನ್ನ ಕುರ್ಚಿಗೆ ಓಡುವಷ್ಟರಲ್ಲಿ ಪರದೆಯಲ್ಲಿ ಗುಂಡ್ಲುಪೇಟೆಯ ಮನೆಗಳ ಸಾಲುಗಳು ಒಂದೊಂದಾಗಿ ಅಳಿಸಿಹೋಗುತ್ತಿದ್ದವು. ಆ ಕಡೆಯ ರೂಟರಿನ ಪಾಸ್‌ವರ್ಡ್ ಇದ್ದದ್ದು ಶಿವಮಲ್ಲುವಿನ ತಲೆಯಲ್ಲಿ ಮಾತ್ರ. ಶರತ್ ಏಳು ಸಲ ಫೋನ್ ಮಾಡಿದ, ಶಿವಮಲ್ಲು ಎತ್ತಲಿಲ್ಲ. ಕೊನೆಗೆ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಆಫೀಸಿನ ಮುಂದೆ ಜಮಾಯಿಸಿದ ಜನ, ಶಿವಮಲ್ಲುವಿನ ಕೊರಳಪಟ್ಟಿ ಹಿಡಿದವರೇ ಕಣ್ಣ ಮುಂದೆ ಬರುತ್ತಿದ್ದರು.

ಆಫೀಸಿನ ಮುಂದೆ ಒಂದು ನಾಯಿ ಮಲಗಿತ್ತು, ಅಷ್ಟೇ. ಒಳಗೆ ಶಿವಮಲ್ಲು ಮೇಜಿನ ಮೇಲೆ ಫೋನ್ ಇಟ್ಟುಕೊಂಡು ಕೂತಿದ್ದ.

“ಬಾರ್ಲಾ ಶರತ್, ಕೂತ್ಕೊ. ನಿನ್ ಫೋನ್ ಬಂತು, ಎತ್ನಿಲ್ಲ. ಗಿರಾಕಿಗೋಳು ಮಾಡುದ್ರೆ ಬಿಜಿ ಬರಬಾರ್ದಲ್ವಾ.”

“ಅಣ್ಣ, ಅಂಗ್ ಮಾಡಬಾರ್ದು ಅಂತ ನಿಂಗ್ ಗೊತ್ತಿತ್ತು!”

“ಗೊತ್ತಿರ್ದೆ ಏನ್ಲಾ? ಯಜಮಾನ್ರೇ ಮಾಡ್ಸುದ್ರು, ಮಾಡ್ದೆ. ಮುನ್ನೂರ್ ಮನೆಯೋರು ಒಟ್ಗೆ ಬೈಲಿ, ಆ ಬೈಗ್ಳಾನೆಲ್ಲ ಅವ್ರಿಗೇ ಕೇಳುಸ್ಬುಡನ, ನಮ್ಗೂ ಜನ ಅವ್ರೆ ಅಂತ ಗೊತ್ತಾಗ್ಲಿ ಅಂದ್ಕಂಡೆ.”

“ಎಷ್ಟ್ ಜನ ಮಾಡುದ್ರು?”

“ಮೂರ್ ಗಂಟೆಲಿ ಒಬ್ರು. ಭೀಮನಬೀಡಿನ ಮಂಚಮ್ಮ. ‘ನಿಮ್ ಇಂಟರ್ನೆಟ್ ಡಬ್ಬ ಯಾವಾಗಪ್ಪ ಎತ್ಕಂಡೋಗದು? ಒಸಾ ಕಂಪ್ನಿದು ಆಕ್ಸಿ ಆರ್ ತಿಂಗ್ಳಾಯ್ತು, ಮಿಕ್ಸಿಗೆ ಪ್ಲಗ್ ಬೇಕು’ ಅಂದ್ಳು.”

ಶರತ್ ಪರದೆ ನೋಡಿದ. ಮುನ್ನೂರ ಹನ್ನೆರಡು ದೀಪವೂ ಉರಿಯುತ್ತಲೇ ಇದ್ದವು. ದೀಪ ಉರಿಯುವುದಕ್ಕೆ ಡಬ್ಬಕ್ಕೆ ಕರೆಂಟಿದ್ದರೆ ಸಾಕು, ಮನೆಯವರು ಬಳಸಲೇಬೇಕೆಂದಿಲ್ಲ. ಯುಗಾದಿಗೆ ವರ್ಷದ ಪ್ಯಾಕ್ ಹಾಕಿಸಿಕೊಂಡವರು ಬಿಟ್ಟು ಹೋಗುವಾಗ ಹೇಳಿಹೋಗುವ ಗೋಜಿಗೂ ಬಂದಿರಲಿಲ್ಲ. ಸ್ವಿಚ್ ಆರಿಸುವ ಗೋಜಿಗೂ.

“ಅಣ್ಣ, ಫೋನ್ ಮಾಡ್ದೋರು ಯಜಮಾನ್ರಲ್ಲ. ನಾನು.” ಎಷ್ಟೋ ದನಿ ತೆಗೆಯುತ್ತಿದ್ದವನಿಗೆ ತನ್ನದು ಇಷ್ಟು ಸಣ್ಣದೆಂದು ಆಗ ಗೊತ್ತಾಯಿತು.

ಶಿವಮಲ್ಲು ಕಣ್ಣು ಪಿಳುಕಿಸಿದ. “ನೀನಾ? ಅಂಗಾರೆ ಯಜಮಾನ್ರಿಗೆ ಇದ್ಯಾವ್ದೂ ಗೊತ್ತಿಲ್ವಾ?”

“ಇಲ್ಲ.”

“ನನ್ನಂಗೇ ಅವ್ರೂ ಇನ್ನ ಮುನ್ನೂರ್ ಮನೆ ಅವೆ ಅಂತ್ಲೇ ಕೂತವ್ರಾ!”

ಮೊದಲು ಅವನ ಹೊಟ್ಟೆ ಕುಲುಕಿತು. ಆಮೇಲೆ ಮೇಜು. ಮೇಜು ಬಡಿದು, ಕಣ್ಣಲ್ಲಿ ನೀರು ಸುರಿಸಿಕೊಂಡು ಶಿವಮಲ್ಲು ನಕ್ಕ. ಪಕ್ಕದ ಟೀ ಅಂಗಡಿಯವನು ಇಣುಕಿ, ಏನೋ ಒಳ್ಳೆಯ ಸುದ್ದಿಯಿರಬೇಕೆಂದು ತಾನೂ ಒಂದಿಷ್ಟು ನಕ್ಕು ಹೋದ. ಶರತ್ ಕೂಡ ನಗಲು ನೋಡಿದ. ಶಿವಮಲ್ಲುವಿನ ನಗುವಿನ ಎದುರು ಅದು ಯಾರಿಗೂ ಕೇಳಿಸಲಿಲ್ಲ.