ಉಳಿದರ್ಧ ಮರಿಗಳು

ಬೇರೂರಿನಿಂದ ಬಂದ ಚಿಕ್ಕಪ್ಪ ಅಣ್ಣನ ತಣ್ಣನೆಯ ಗಲ್ಲಕ್ಕೆ ನೊರೆ ಹಚ್ಚಿ, ಕತ್ತಿಯನ್ನು ಕಿವಿಯ ಕೆಳಗಿನಿಂದ ಮೆಲ್ಲಗೆ ಇಳಿಸುತ್ತಿದ್ದ. ಅಣ್ಣತಮ್ಮಂದಿರಿಬ್ಬರೂ ಕ್ಷೌರದ ಅಂಗಡಿಯಿಂದಲೇ ಬದುಕಿದವರು. ಸತ್ತವನ ಮಗಳು ಬಿಸಿನೀರಿನ ಬಟ್ಟಲು ಹಿಡಿದು ನಿಂತಿದ್ದಳು.

"ನಿಮ್ಮಪ್ಪಂದು ಕತ್ತರಿಗಿಂತ ನಾಲಿಗೆ ಜೋರು," ಎಂದರು ಬಾಗಿಲಲ್ಲಿದ್ದ ಹಳೆಯ ಗಿರಾಕಿ, ನಿವೃತ್ತ ಮೇಷ್ಟ್ರು. "ಕುರ್ಚೀಲಿ ಕೂತ್ರೆ ಸಾಕು, ನಿನ್ನ ಮೀನಿನ ಕತೆ. ನನ್ನ ಮಗಳು ಮೀನನ್ನ ಕೇಳಿ ಕ್ಯಾನ್ಸರಿಗೆ ಔಷಧಿ ಕೊಡಿಸ್ತಾಳೆ ಅಂತಿದ್ದ. ಅರ್ಧ ಮೀಸೆ ಕತ್ತರಿಸಿ, ಇನ್ನರ್ಧ ಮರೆತು ನಿಂತ್ಬಿಡೋನು."

ಯಾರೋ ಸಣ್ಣಗೆ ನಕ್ಕರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

*

ಅಪ್ಪನಿಗೆ ಕ್ಯಾನ್ಸರ್ ಎಂದು ಗೊತ್ತಾದ ಹೊಸತರಲ್ಲಿ ಅವನ ಗಡ್ಡೆಯ ಚೂರೊಂದನ್ನು ಅವಳು ತಾನು ಸಂಶೋಧನೆ ಮಾಡುವ ಪ್ರಯೋಗಾಲಯಕ್ಕೆ ತರಿಸಿಕೊಂಡಿದ್ದಳು. ಅದರ ಜೀವಕೋಶಗಳಿಗೆ ಕೆಂಪು ಬಣ್ಣ ಹಿಡಿಸಿ, ಝೀಬ್ರಾ ಮೀನಿನ ಮರಿಗಳ ಮೈಗೆ ಸೂಜಿಯಿಂದ ಸೇರಿಸಿದಳು. ಅಕ್ಕಿಕಾಳಿಗಿಂತ ಚಿಕ್ಕ ಮರಿಗಳು, ಮೈ ಗಾಜಿನಂತೆ. ಒಳಗಿನ ಕೆಂಪು ಚುಕ್ಕೆ ಬೆಳೆಯುವುದೂ ಕರಗುವುದೂ ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಅಪ್ಪನಿಗೆ ಕೊಡಲಿದ್ದ ಔಷಧಿಯನ್ನೇ ಮರಿಗಳ ನೀರಿಗೆ ಬೆರೆಸಿದಳು. ಅರ್ಧ ಮರಿಗಳಲ್ಲಿ ಚುಕ್ಕೆ ಕರಗಿತು. ಉಳಿದರ್ಧದಲ್ಲಿ ಜಪ್ಪಯ್ಯ ಎನ್ನಲಿಲ್ಲ.

"ಏನಂದ್ವು ನಿನ್ನ ಮೀನು?" ಎಂದು ಕೇಳಿದ್ದ ಅಪ್ಪ.

"ಕರಗ್ತಿದೆ ಅಪ್ಪಾ."

ಅಪ್ಪನ ಮುಖ ಅರಳಿತು. ಉಳಿದರ್ಧ ಮರಿಗಳ ಮಾತನ್ನು ಅವಳು ಹೇಳಲಿಲ್ಲ. ಅಪ್ಪನ ಮೈಯಲ್ಲಿ ಗಡ್ಡೆ ಕರಗಲೇ ಇಲ್ಲ.

*

ಚಿಕ್ಕಪ್ಪ ಅಣ್ಣನ ಮುಖ ಒರೆಸುವಷ್ಟರಲ್ಲಿ ಪಕ್ಕದಂಗಡಿಯ ಟೈಲರಮ್ಮ ಅವಳನ್ನು ಗೋಡೆಯ ಬದಿಗೆ ಕರೆದಳು.

"ಇಂಥ ಹೊತ್ತಲ್ಲಿ ಕೇಳಬಾರದು ಕಣಮ್ಮಾ. ನನಗೂ ಎದೇಲಿ ಗಡ್ಡೆ. ಆಪರೇಷನ್ ಆಗ್ಬೇಕು ಅಂದಿದ್ರು. 'ತಡಿ, ನನ್ನ ಮಗಳಿಗೆ ಹೇಳ್ತೀನಿ, ಮೀನಲ್ಲಿ ನೋಡಿ ಔಷಧೀಲೇ ವಾಸಿ ಮಾಡಿಸ್ತಾಳೆ' ಅಂದ ನಿಮ್ಮಪ್ಪ. ನಿನಗೆ ಹೇಳೋ ಮೊದಲೇ ಹಾಸಿಗೆ ಹಿಡಿದ. ಬೇಸಿಗೆಯಿಂದ ಕಾಯ್ತಿದ್ದೀನಿ."

ಅವಳು ಬಟ್ಟಲನ್ನು ಕೆಳಗಿಟ್ಟಳು. "ಮೀನು ಹಾಗೆಲ್ಲ ಹೇಳಲ್ಲ ಟೈಲರಮ್ಮಾ. ನಾವಿನ್ನೂ ಕಲೀತಿದ್ದೀವಿ. ಅಪ್ಪಂದೇ ಗಡ್ಡೆ ಅರ್ಧ ಮರಿಗಳಲ್ಲಿ ಕರಗ್ಲಿಲ್ಲ. ಅದನ್ನ ನಾನು ಅವರಿಗೆ ಹೇಳ್ಲೇ ಇಲ್ಲ. ನೀವು ಇವತ್ತೇ ಆಸ್ಪತ್ರೆಗೆ ಹೋಗಿ."

ಅವಳ ದನಿ ಏರಿತ್ತು. ಮನೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಹೋಗೋ ಹೊತ್ತಲ್ಲಿ ಅವನನ್ನ ಸುಳ್ಳುಗಾರ ಮಾಡಿ ಕಳಿಸ್ತೀಯಾ?" ಎಂದ ಚಿಕ್ಕಪ್ಪ.

"ಸುಳ್ಳು ಅಪ್ಪಂದಲ್ಲ ಚಿಕ್ಕಪ್ಪಾ. ನಂದು."

ಟೈಲರಮ್ಮ ಕೈಚೀಲವನ್ನು ಎದೆಗೆ ಅವುಚಿಕೊಂಡು ಹೊರಟಳು. ಬಾಗಿಲಲ್ಲಿದ್ದ ಹಳೆಯ ಗಿರಾಕಿಗಳು ದಾರಿ ಬಿಟ್ಟು ನೆಲ ನೋಡುತ್ತ ನಿಂತರು. ಅಪ್ಪ ಹಾಸಿಗೆ ಹಿಡಿದು ಅಂಗಡಿ ಮುಚ್ಚಿದಾಗಿನಿಂದ, ಅವನು ವಾಸಿಯಾಗಿ ಬರಲೆಂದು ಬೇರೊಬ್ಬನ ಕೈಗೆ ತಲೆ ಕೊಡದೆ ಕಾದಿದ್ದವರು ಅವರು. ಬಗ್ಗಿದ ಹಣೆಗಳ ಮೇಲೆ ಕೂದಲು ಕಣ್ಣು ಮುಚ್ಚುವಷ್ಟು ಇಳಿಬಿದ್ದಿತ್ತು.