ಕಂಬಕ್ಕೆ ಹತ್ತಿದ ಡಾಂಬರು

ಪರಿಹಾರದವರು ನಾಳೆ ಮನೆ ನೋಡಲು ಬರುತ್ತಾರೆಂದು ಮಸೀದಿಯ ಮೈಕಿನಲ್ಲಿ ಕೂಗಿದ್ದಷ್ಟೇ. ಮನೆಯಲ್ಲಿ ಏನು ನೋಡುತ್ತಾರೆಂದು ಮೈಕು ಹೇಳಲಿಲ್ಲ, ಮೊರ್ಜಿನಾ ಕೇಳಲೂ ಇಲ್ಲ. ಈ ಚಳಿಗಾಲದಲ್ಲಿ ಹನ್ನೊಂದು ಮನೆಗಳ ಬುಡಕ್ಕೆ ಮಣ್ಣು ಹಾಕಿ ಆಳುದ್ದ ಎತ್ತರಿಸಿಕೊಡುತ್ತಾರೆ ಎಂಬುದೊಂದು ಅವಳ ಕಿವಿಗೆ ಬಿದ್ದಿತ್ತು. ಆ ಹನ್ನೊಂದರಲ್ಲಿ ತನ್ನದೊಂದು ಇರಬೇಕು. ಬಾಂಗ್ಲಾದ ಜಮುನಾ ನದಿಯ ನಡುವಿನ ಆ ಮರಳುದಿಬ್ಬದ ಮೇಲೆ ಅವಳು ಮೂರು ಸಲ ಮನೆ ಬಿಚ್ಚಿ, ದೋಣಿಗೆ ಹೇರಿ, ಬೇರೆ ಕಡೆ ಕಟ್ಟಿದ್ದಳು. ಗಂಡ ತೀರಿಕೊಂಡ ಮೇಲಿನ ಎರಡು ನೆರೆಗಳನ್ನು ಅಟ್ಟದ ಮೇಲೆ, ಒಂದು ಮೇಕೆ ಎರಡು ಬಾತುಕೋಳಿಗಳ ಸಂಗಡ ಕೂತು ಕಳೆದಿದ್ದಳು. ಮೂರನೆಯದನ್ನೂ ಮೇಕೆಯ ಉಸಿರು ಕುಡಿದುಕೊಂಡು ಕಳೆಯುವ ಮನಸ್ಸಿರಲಿಲ್ಲ.

ನೆಂಟರು ಬರುತ್ತಾರೆಂದರೆ ಮನೆ ಮನೆಯ ಹಾಗಿರಬೇಕಲ್ಲವೆ. ನದಿಯಂಚಿನಿಂದ ಎರೆಮಣ್ಣು ಹೊತ್ತು ತಂದು ಸಗಣಿ ಬೆರೆಸಿ ಕಲಸಿದಳು. ಸೆಣಬಿನ ಕಡ್ಡಿಯ ಗೋಡೆಗಳನ್ನು ಒಳಗೂ ಹೊರಗೂ ಮೆತ್ತಿ, ನೆಲ ಸಾರಿಸಿ, ಸಂಜೆಯ ಹೊತ್ತಿಗೆ ಮನೆಯನ್ನು ಆವಿಗೆಯಿಂದ ಆಗತಾನೆ ತೆಗೆದ ಮಡಕೆಯ ಹಾಗೆ ಮಾಡಿದಳು. ಬೆಳಿಗ್ಗೆ ಎದ್ದು ಎರಡು ಬಾತುಕೋಳಿಗಳಲ್ಲಿ ಮೊಟ್ಟೆ ನಿಲ್ಲಿಸಿದ್ದನ್ನು ಕುಯ್ದು ಸಾರಿಗಿಟ್ಟಳು.

ಉಳಿದಿದ್ದು ಜಗಲಿಯ ಕಂಬವೊಂದು. ಅದರ ಕಥೆಯೇ ಬೇರೆ. ಶ್ರಾವಣದ ನೆರೆಯಲ್ಲಿ ದೋಣಿಯ ಕೋಬಾದ್ ಅಲಿ ಒಂಬತ್ತು ದಿನ ತನ್ನ ದೋಣಿಯನ್ನು ಆ ಕಂಬಕ್ಕೇ ಕಟ್ಟಿದ್ದ. ಊರಿನಲ್ಲಿ ಮೂಟೆ ಇಳಿಸಲು ಒಣನೆಲ ಇಲ್ಲದೆ ಆ ದೋಣಿಯೇ ಉಗ್ರಾಣವಾಗಿತ್ತು. ಬಾಳೆದಿಂಡಿನ ತೆಪ್ಪಗಳಲ್ಲಿ ಜನ ಬಂದು ಅವಲಕ್ಕಿ ಬೆಲ್ಲ ಒಯ್ಯುತ್ತಿದ್ದರು; ಒಂದು ಮೂಟೆ ಖಾಲಿಯಾದರೆ ದೊಡ್ಡ ದೋಣಿಯಿಂದ ಇನ್ನೊಂದು ಬರುತ್ತಿತ್ತು. ನೀರು ಏರಿದಂತೆಲ್ಲ ದೋಣಿಯ ಮೂತಿ ಕಂಬಕ್ಕೆ ಉಜ್ಜಿ, ಮೂತಿಗೆ ಹೊಸದಾಗಿ ಬಳಿದಿದ್ದ ಡಾಂಬರು ಪಟ್ಟೆಪಟ್ಟೆಯಾಗಿ ಮೇಲಕ್ಕೆ ಹತ್ತಿತ್ತು. ಬೂದಿ, ಮರಳು, ಕುಡುಗೋಲು, ಯಾವುದಕ್ಕೂ ಅದು ಜಗ್ಗಲಿಲ್ಲ. ಮೊರ್ಜಿನಾ ತನ್ನ ಮದುವೆಯ ಕೌದಿಯನ್ನು ತಂದು ಕಂಬಕ್ಕೆ ಸುತ್ತಿ ಕಟ್ಟಿದಳು.

ಹತ್ತು ಗಂಟೆಗೆ ಕೋಬಾದನ ದೋಣಿಯಲ್ಲೇ ಶೆಫಾಲಿ ಬಂದಳು. ಪರಿಹಾರ ಸಂಸ್ಥೆಯ ಹುಡುಗಿ, ಕೈಯಲ್ಲಿ ಅಳತೆಯ ಟೇಪು, ಕಂಕುಳಲ್ಲಿ ಹಾಳೆಗಳ ಕಟ್ಟು. ಮೊದಲು ನೆರೆಮನೆಯ ಬಾಚಿರನ್‌ಳ ಗೋಡೆ ಅಳೆದಳು. ಬಾಚಿರನ್ ನೆರೆ ಇಳಿದ ಮೇಲೆ ಗೋಡೆಗೆ ಕೈ ಹಚ್ಚಿದವಳಲ್ಲ. ಸೊಂಟದವರೆಗೆ ಕೆಸರಿನ ಗೆರೆ ಹಾಗೇ ಇತ್ತು. ಅವಳ ಹೆಸರು ಬರೆದಾಯಿತು.

ಮೊರ್ಜಿನಾಳ ಅಂಗಳಕ್ಕೆ ಬಂದ ಶೆಫಾಲಿ ಮನೆಯನ್ನು ಸುತ್ತಿದಳು, ಒಳಗೆ ಹೋದಳು, ಮತ್ತೆ ಹೊರಗೆ ಬಂದಳು.

"ಚಾಚಿ, ನೀರಿನ ಗೆರೆ ಎಲ್ಲಿ?"

"ಯಾವ ಗೆರೆ, ಮಗಳೆ?"

"ನೀರು ಎಲ್ಲೀವರೆಗೆ ಬಂದಿತ್ತು ಅಂತ ಗೋಡೆ ಮೇಲೆ ಗುರುತಿರುತ್ತಲ್ಲ. ಎರಡಡಿಗಿಂತ ಮೇಲೆ ಬಂದಿದ್ರೆ ಮಾತ್ರ ಮಣ್ಣು ಹಾಕ್ತೀವಿ."

"ಅದನ್ನ ಯಾರಾದ್ರೂ ನೆಂಟರಿಗೆ ತೋರಿಸ್ತಾರಾ? ನಿನ್ನೆಯೆಲ್ಲ ಕೂತು ಅಳಿಸಿದ್ದೇ ಅದನ್ನ."

ಬಾಚಿರನ್ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ನನ್ನ ಸೋಮಾರಿ ಅಂತಿದ್ದೆಯಲ್ಲ ಬುಬು. ನೋಡು, ನನ್ನ ಸೋಮಾರಿತನಕ್ಕೇ ಮಣ್ಣು ಸಿಕ್ತು."

"ನೀನು ಸುಮ್ನಿರೆ. ಬೇಕಾದ್ರೆ ಇವಳನ್ನೇ ಕೇಳು ಮಗಳೆ, ನನ್ನ ಒಲೆ ಮೇಲೆ ಮೀನು ಈಜ್ತಿದ್ವು."

"ಕೇಳಿದ್ರೆ ಎಲ್ಲರೂ ಕತ್ತಿನವರೆಗೆ ಅಂತಾರೆ ಚಾಚಿ. ಬಾಯಿಮಾತು ಬರೀಬೇಡ, ಗುರುತು ನೋಡಿ ಬರಿ ಅಂದಿದಾರೆ." ಶೆಫಾಲಿಯ ದನಿಯೂ ಇಳಿದಿತ್ತು.

ಮೊರ್ಜಿನಾ ನುಣ್ಣಗಿದ್ದ ತನ್ನ ಗೋಡೆಯನ್ನು ನೋಡಿದಳು. ಇಷ್ಟು ಚೆನ್ನಾಗಿ ಅವಳು ಎಂದೂ ಮೆತ್ತಿರಲಿಲ್ಲ. ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. "ಹೋಗಲಿ, ಒಂದು ತುತ್ತು ಉಂಡು ಹೋಗು. ಸಾರು ಆರ್ತಿದೆ."

"ಅಳತೆಗೆ ಬಂದ ಮನೇಲಿ ಉಣ್ಣೋ ಹಾಗಿಲ್ಲ ಚಾಚಿ. ನಿಯಮ."

ಕೋಬಾದ್‌ಗೆ ಅಂಥ ನಿಯಮ ಯಾವುದೂ ಇರಲಿಲ್ಲ. ಅವನು ಜಗಲಿಯಲ್ಲಿ ಕೂತು ಬಾತುಕೋಳಿಯ ಕಾಲು ಚೀಪುತ್ತಿದ್ದ. ಒರಗಲು ಹೋಗಿ ಬೆನ್ನಿಗೆ ಮೆತ್ತಗೆ ಸಿಕ್ಕಿದ್ದನ್ನು ತಿರುಗಿ ನೋಡಿದ.

"ಕಂಬಕ್ಕೆ ಯಾಕೆ ಕೌದಿ? ಚಳಿಜ್ವರವಾ?"

"ನೀನು ಬಳಿದ ಮಸಿ ಮುಚ್ಚೋಕೆ. ಮೂರು ತಿಂಗಳಿಂದ ಉಜ್ತಿದೀನಿ, ನಿನ್ನ ಬುದ್ಧಿ ಹಾಗೇ ಅದೂ ಹೋಗಲ್ಲ."

ಕೋಬಾದ್ ಚೀಪುವುದನ್ನು ನಿಲ್ಲಿಸಿದ. ಎಂಜಲು ಕೈ ಕೌದಿಗೆ ತಾಗದಂತೆ ಎಡಗೈಯಲ್ಲಿ ಗಂಟು ಬಿಚ್ಚಿ ಶೆಫಾಲಿಯನ್ನು ಕರೆದ. "ಆಪಾ, ಇಲ್ಲಿ ಬನ್ನಿ. ಗುರುತು ತಾನೇ ಬೇಕಾಗಿದ್ದು?"

ಕಪ್ಪು ಪಟ್ಟೆಗಳು ತೊಡೆಯೆತ್ತರದಿಂದ ಎದೆಯೆತ್ತರದವರೆಗೆ ಮೆಟ್ಟಿಲಿನ ಹಾಗೆ ಹತ್ತಿದ್ದವು. ಶೆಫಾಲಿ ಟೇಪು ಹಿಡಿದಳು. ಮೇಲಿನ ಪಟ್ಟೆ ನೆಲದಿಂದ ನಾಲ್ಕಡಿ. ಮೊರ್ಜಿನಾಳ ಮುಖ ಅರಳಿತು.

"ತಾಳಿ ಚಾಚಿ. ಇದು ನೀರಿನ ಗೆರೆ ಅಲ್ಲ, ದೋಣಿ ಮೂತಿದು. ಮೂತಿ ನೀರಿಂದ ಎಷ್ಟು ಮೇಲಿರುತ್ತೋ ಅಷ್ಟು ಕಳೀಬೇಕು."

ಎಲ್ಲರೂ ನದಿಯಂಚಿಗೆ ನಡೆದರು. ಸುದ್ದಿ ಅವರಿಗಿಂತ ಮುಂದೆ ಓಡಿ ಅಲ್ಲಿ ಆಗಲೇ ಇಪ್ಪತ್ತು ಜನ ನಿಂತಿದ್ದರು. ಶೆಫಾಲಿ ನೀರಿಗಿಳಿದು ಅಳೆದಳು: ಎರಡಡಿ ಮೂರಂಗುಲ.

"ನಾಲ್ಕರಲ್ಲಿ ಇದನ್ನ ಕಳೆದ್ರೆ ಎರಡಡಿಗೆ ಮೂರಂಗುಲ ಕಮ್ಮಿ ಆಯ್ತಲ್ಲ ಚಾಚಿ."

"ಖಾಲಿ ದೋಣಿ ಅಳೆದ್ರೆ ಇನ್ನೇನಾಗುತ್ತೆ?" ಕೋಬಾದ್ ಸೊಂಟಕ್ಕೆ ಕೈಯಿಟ್ಟ. "ಒಂಬತ್ತು ದಿನದಲ್ಲಿ ಒಂದು ದಿನವಾದ್ರೂ ಅದು ಖಾಲಿ ಇತ್ತಾ? ಇಪ್ಪತ್ತು ಮೂಟೆ, ಒಂದೊಂದೂ ಮೂವತ್ತು ಕಿಲೋ. ಕಳಿಸಿದವರು ನೀವೇ, ಲೆಕ್ಕ ನಿಮ್ಮ ಹತ್ರಾನೇ ಇರುತ್ತೆ."

ಶೆಫಾಲಿ ಹಾಳೆ ತಿರುವಿದಳು. ಇತ್ತು. "ಸರಿ, ಈಗ ಆರುನೂರು ಕಿಲೋ ಎಲ್ಲಿಂದ ತರೋದು?"

ಮೊರ್ಜಿನಾ ನೆರೆದ ಹೆಂಗಸರ ಕಡೆ ತಿರುಗಿದಳು. ಎಲ್ಲರೂ ಅವಳ ಜಗಲಿಯಿಂದ ಅವಲಕ್ಕಿ ಒಯ್ದವರೇ. "ನೋಡ್ತಾ ನಿಂತಿದೀರಲ್ಲ, ಹತ್ತಿ. ಬಾಚಿರನ್, ನೀನು ಮೊದಲು. ನೀನೊಬ್ಬಳೇ ಮೂರು ಮೂಟೆ ತೂಗ್ತೀಯ."

"ಎರಡೂವರೆ," ಎಂದು ಬಾಚಿರನ್ ಸೀರೆ ಎತ್ತಿ ಕಟ್ಟಿ ಹತ್ತಿದಳು.

ಶೆಫಾಲಿ ಒಬ್ಬೊಬ್ಬರ ತೂಕ ಕೇಳಿದಳು. ಯಾರೂ ನಿಜ ಹೇಳಲಿಲ್ಲ. ಕೊನೆಗೆ ತಲೆಗೆ ಐವತ್ತು ಕಿಲೋ ಎಂದು ಅವಳೇ ತೀರ್ಮಾನ ಮಾಡಿ ಹನ್ನೆರಡು ಜನರನ್ನು ಕೂರಿಸಿದಳು. ದೋಣಿ ಕುಸಿಯಿತು. ನಗಬೇಡಿ, ಅಲುಗುತ್ತೆ, ಎಂದು ಕೋಬಾದ್ ಗದರಿದಷ್ಟೂ ಅದು ಅಲುಗಿತು. ನೀರು ನಿಲ್ಲುವವರೆಗೆ ಕಾದು ಶೆಫಾಲಿ ಟೇಪು ಹಿಡಿದಳು.

"ಒಂದೂವರೆ ಅಡಿ."

ಮೊರ್ಜಿನಾ ದಡದಲ್ಲಿ ಬೆರಳು ಮಡಚಿ ಎಣಿಸಿದಳು. ಅವಳ ಬೆರಳು ಮುಗಿಯುವ ಮೊದಲೇ ಶೆಫಾಲಿ ಹಾಳೆಯ ಮೇಲೆ ಬರೆದಾಗಿತ್ತು: ಎರಡೂವರೆ ಅಡಿ, ಮೊರ್ಜಿನಾ ಬೇವಾ, ಗುರುತು ಜಗಲಿಯ ಕಂಬದಲ್ಲಿದೆ.

ಬಾಚಿರನ್ ದೋಣಿಯಿಂದಲೇ ಕೂಗಿ ಕೇಳಿದಳು: "ಆಪಾ, ಉಣ್ಣೋ ಹಾಗಿಲ್ಲ ಅನ್ನೋ ನಿಮ್ಮ ನಿಯಮ ಮನೆಗಷ್ಟೇನಾ, ದೋಣಿಗೂನಾ?"

ಶೆಫಾಲಿ ಸ್ವಲ್ಪ ಯೋಚಿಸಿದಳು. "ದೋಣಿ ವಿಚಾರ ಏನೂ ಬರೆದಿಲ್ಲ."

ಮೊರ್ಜಿನಾ ಆಗಲೇ ಮನೆಯ ಕಡೆ ಹೆಜ್ಜೆ ಹಾಕಿದ್ದಳು. ಸಾರು ಬಿಸಿ ಮಾಡಬೇಕಿತ್ತು. ಹದಿನಾಲ್ಕು ಜನಕ್ಕೆ ಒಂದೇ ಬಾತುಕೋಳಿ, ಅದರಲ್ಲೂ ಒಂದು ಕಾಲು ಆಗಲೇ ಕೋಬಾದನ ಹೊಟ್ಟೆಯಲ್ಲಿತ್ತು. ಅವಳು ಸಾರಿಗೆ ಎರಡು ಚೊಂಬು ನೀರು, ಒಂದು ಹಿಡಿ ಮೆಣಸಿನಕಾಯಿ ಸೇರಿಸಿದಳು.

ಪೌಷದಲ್ಲಿ ಮಣ್ಣು ಬಿತ್ತು. ಮನೆ ಬಿಚ್ಚಿ ದಿಬ್ಬ ಎತ್ತರಿಸಿ ಮತ್ತೆ ಕಟ್ಟುವಾಗ ಆ ಕಂಬವನ್ನು ಹಿತ್ತಿಲಿನ ಕಡೆಗೆ ಹಾಕೋಣವೆಂದು ಬಾಚಿರನ್ ಅಂದಳು. ಮೊರ್ಜಿನಾ ಒಪ್ಪಲಿಲ್ಲ, ಅದನ್ನು ಎದುರಿಗೇ ನಿಲ್ಲಿಸಿದಳು. ಕೋಬಾದ್ ಕೆಳಗಿನಿಂದ ತಲೆಯೆತ್ತಿ ನೋಡಿದ.

"ಅಷ್ಟು ಮೇಲೆ ಹೋದ್ರೆ ಮುಂದಿನ ನೆರೇಲಿ ನಾನು ದೋಣಿ ಎಲ್ಲಿ ಕಟ್ಲಿ?"

"ಕೆಳಗೆ ಗೂಟ ಹೊಡೆದುಕೊಡ್ತೀನಿ. ಮೂಟೆ ಮಾತ್ರ ಮೇಲೆ ತಂದಿಡು, ಇಲ್ಲಿ ಒಣಗಿರುತ್ತೆ. ಕಾಲು ತೊಳ್ಕೊಂಡು ಹತ್ತು."